ತಲೆ ಮೇಲಿನ ಬಂಡೆಯನ್ನು ಹಿಡಿದು ನಿಲ್ಲಿಸುವುದು: ನೆಲದಡಿ ಗಣಿಗೆ ಹೊರಟವರಿಗೆ ರಾಕ್ ಬೋಲ್ಟ್ ಮಾರ್ಗದರ್ಶಿ

ಇಳಕಲ್, ಹುನಗುಂದ ಕಡೆಯ ಹುಡುಗರಿಗೆ ಕಲ್ಲು ಹೊಸದಲ್ಲ. ಕೆಂಪು ಗ್ರಾನೈಟ್ ಕ್ವಾರಿ ನೋಡುತ್ತಲೇ ಬೆಳೆದಿರುತ್ತಾರೆ. ಲೋಕಾಪುರ, ಮುಧೋಳದವರಿಗೆ ಸುಣ್ಣದ ಕಲ್ಲು ಗೊತ್ತು. ಆದರೆ ಅದೆಲ್ಲ ಬಯಲಿನ ಕೆಲಸ. ಡಿಪ್ಲೊಮಾನೋ ಐಟಿಐನೋ ಮುಗಿಸಿ, ಲಿಂಗಸುಗೂರು ದಾಟಿ ಹಟ್ಟಿ ಚಿನ್ನದ ಗಣಿಗೆ ಹೋದಾಗ, ಇಲ್ಲವೇ ರಾಜಸ್ಥಾನದ ಸತುವಿನ ಗಣಿಗೋ ಹಿಮಾಲಯದ ಸುರಂಗಕ್ಕೋ ಕೆಲಸಕ್ಕೆ ಸೇರಿದಾಗ, ಮೊದಲ ಸಲ ತಲೆ ಮೇಲೂ ಕಲ್ಲು ಬರುತ್ತದೆ. ಕ್ವಾರಿಯಲ್ಲಿ ಕಲಿತದ್ದರಲ್ಲಿ ಅರ್ಧ ಅಲ್ಲಿ ಕೆಲಸಕ್ಕೆ ಬರುತ್ತದೆ. ಉಳಿದರ್ಧ ಹೊಸದಾಗಿ ಕಲಿಯಬೇಕು.

ಆ ಉಳಿದರ್ಧದಲ್ಲಿ ದೊಡ್ಡ ಪಾಲು ಸಪೋರ್ಟ್ ಕೆಲಸದ್ದು. ಬ್ಲಾಸ್ಟ್ ಆದ ಜಾಗವನ್ನು ಮನುಷ್ಯರು ನಿಲ್ಲುವಂತೆ ಮಾಡುವ ಕೆಲಸ ಅದು. ಅದರಲ್ಲಿ ಮುಖ್ಯವಾದದ್ದು ರಾಕ್ ಬೋಲ್ಟ್, ಅಂದರೆ ಬಂಡೆಯಲ್ಲಿ ತೂತು ಕೊರೆದು ಒಳಗೆ ಕೂರಿಸುವ ಕಬ್ಬಿಣ. ನಿಮ್ಮ ಗಣಿಯ ಸಪೋರ್ಟ್ ಪ್ಲಾನ್‌ನಲ್ಲಿ ಏನು ಬರೆದಿದೆಯೋ ಅದೇ ಅಲ್ಲಿ ಕಾನೂನು. ಈ ಲೇಖನ ಓದಿ ಯಾರೂ ಅದನ್ನು ಬದಲಿಸಬೇಡಿ. ಪ್ಲಾನ್‌ನಲ್ಲಿ ಹಾಗೆ ಯಾಕೆ ಬರೆದಿದ್ದಾರೆ ಅನ್ನೋದು ತಿಳಿದರೆ ಸಾಕು.

ಬೋಲ್ಟ್ ಕಂಬ ಅಲ್ಲ

ಹೊಸಬರ ತಲೆಯಲ್ಲಿ ಒಂದು ಚಿತ್ರ ಇರುತ್ತದೆ: ಬೋಲ್ಟ್ ಅಂದರೆ ಮೇಲಿನ ಬಂಡೆಯ ಭಾರ ಹೊರುವ ಕಬ್ಬಿಣ. ಈ ಚಿತ್ರ ಇಟ್ಟುಕೊಂಡು ಕೆಲಸ ಮಾಡಿದರೆ ಎಲ್ಲವೂ ತಪ್ಪುತ್ತದೆ. ನೂರಾರು ಮೀಟರ್ ಬಂಡೆಯ ಭಾರವನ್ನು ಬೆರಳು ದಪ್ಪದ ಕಂಬಿ ಹೊರಲು ಸಾಧ್ಯವಾ? ಆ ಭಾರ ಹೊರುವುದು ಬಂಡೆಯೇ. ನಾವು ಅದರಲ್ಲಿ ದಾರಿ ಕೊರೆದಾಗ ಅಂಚಿನ ಒಂದೆರಡು ಮೀಟರ್ ಬಂಡೆ ಸಡಿಲವಾಗುತ್ತದೆ. ಆ ಸಡಿಲ ಭಾಗ ಬಿಚ್ಚಿಕೊಳ್ಳದಂತೆ ನೋಡಿಕೊಂಡರೆ ಬಂಡೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಬೋಲ್ಟಿನ ಕೆಲಸ ಇಷ್ಟೇ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಆಸ್ಟ್ರೇಲಿಯಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯಲ್ಲಿ ಟಿ.ಎ. ಲ್ಯಾಂಗ್ ಎಂಬ ಎಂಜಿನಿಯರ್ ಬಕೆಟ್ ಇಟ್ಟುಕೊಂಡು ಮಾಡಿ ತೋರಿಸಿದ್ದು ಇದು. ಬಕೆಟ್‌ಗೆ ಒಡೆದ ಕಲ್ಲಿನ ಖಡಿ ತುಂಬಬೇಕು. ದುಂಡನೆಯ ಹೊಳೆಗಲ್ಲು ಆಗುವುದಿಲ್ಲ, ಮೂಲೆ ಮೂಲೆ ಇರುವ ಖಡಿಯೇ ಬೇಕು. ತಳದಿಂದ ಮೇಲಕ್ಕೆ ಉದ್ದ ಬೋಲ್ಟ್ ಹಾಯಿಸಿ, ಮೇಲೆ ಅಗಲವಾದ ವಾಷರ್ ಇಟ್ಟು ನಟ್ಟು ಬಿಗಿಯಬೇಕು. ಬಿಗಿದಷ್ಟೂ ಖಡಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಈಗ ಬಕೆಟ್ ಬೋರಲು ಹಾಕಿ. ಅಂಚಿನ ನಾಲ್ಕು ಕಲ್ಲು ಉದುರಬಹುದು, ಉಳಿದದ್ದು ನಿಲ್ಲುತ್ತದೆ. ನಟ್ಟು ಸಡಿಲಿಸಿದ ಕೂಡಲೇ ಎಲ್ಲ ಸುರಿಯುತ್ತದೆ. ಒಡೆದ ಕಲ್ಲಿಗೆ ಸ್ವಂತ ಬಲ ಬಂದದ್ದು ಬಿಗಿತದಿಂದ, ಕಬ್ಬಿಣ ಅದನ್ನು ಎತ್ತಿ ಹಿಡಿದದ್ದರಿಂದಲ್ಲ.

ಗಣಿಯಲ್ಲಿ ಈ ಕೆಲಸ ಮೂರು ರೂಪದಲ್ಲಿ ನಡೆಯುತ್ತದೆ. ಒಡೆದ ಬಂಡೆಯಲ್ಲಿ ಬಕೆಟ್ಟಿನ ಹಾಗೆ ಕಮಾನು ಕಟ್ಟುತ್ತದೆ. ಪದರ ಪದರ ಇರುವ ಬಂಡೆಯಲ್ಲಿ ಪದರಗಳನ್ನು ಹೊಲಿದು ಒಂದೇ ದಪ್ಪ ತೊಲೆ ಮಾಡುತ್ತದೆ. ನಾಲ್ಕು ತೆಳ್ಳನೆ ಹಲಗೆ ಸುಮ್ನೆ ಒಂದರ ಮೇಲೊಂದು ಇಟ್ಟರೆ ಬಾಗುತ್ತವೆ, ಮೊಳೆ ಹೊಡೆದು ಕೂಡಿಸಿದರೆ ಮೇಲೆ ನಿಲ್ಲಬಹುದು. ಮೂರನೆಯದು, ಬಿಡಿ ತುಂಡೊಂದನ್ನು ಅದರ ಮೇಲಿನ ಗಟ್ಟಿ ಬಂಡೆಗೆ ತೂಗು ಹಾಕುವುದು. ಇದೊಂದರಲ್ಲಿ ಮಾತ್ರ ಬೋಲ್ಟ್ ನಿಜವಾಗಿ ಭಾರ ಹೊರುತ್ತದೆ.

ಮೊದಲು ಬಂಡೆ ಓದಿ

ಇದನ್ನು ಗಣಿಗೆ ಹೋಗುವ ಮೊದಲೇ ನಮ್ಮ ಜಿಲ್ಲೆಗಳಲ್ಲೇ ಕಲಿಯಬಹುದು. ಬಾದಾಮಿಗೆ ಹೋದಾಗ ಗುಹೆಗಳ ಕೆತ್ತನೆ ನೋಡಿ ಬಂದರೆ ಸಾಲದು. ಅಗಸ್ತ್ಯ ತೀರ್ಥದ ದಡದಲ್ಲಿ ನಿಂತು ಎದುರಿನ ಮರಳುಗಲ್ಲಿನ ಗೋಡೆ ನೋಡಿ. ಅಡ್ಡಡ್ಡ ಪದರದ ಗೆರೆಗಳು ಕಾಣುತ್ತವೆ. ಅವನ್ನು ಕತ್ತರಿಸಿಕೊಂಡು ಮೇಲಿಂದ ಕೆಳಗೆ ನೆಟ್ಟನೆ ಸೀಳುಗಳಿವೆ. ಅಡ್ಡ ಗೆರೆ, ನೆಟ್ಟನೆ ಸೀಳು ಸೇರಿದ ಕಡೆ ದೊಡ್ಡ ದೊಡ್ಡ ತುಂಡು ಕಳಚಿ ಬಿದ್ದಿರುವುದು ಬುಡದಲ್ಲೇ ಸಿಗುತ್ತದೆ. ಬಂಡೆ ಬೀಳುವುದು ಹೀಗೆ. ಕಲ್ಲು ಮುರಿದು ಬೀಳುವುದು ಅಪರೂಪ. ಆಗಲೇ ಇರುವ ಸೀಳುಗಳ ನಡುವಿನಿಂದ ತುಂಡು ಜಾರಿ ಬೀಳುವುದೇ ಹೆಚ್ಚು.

ಇಳಕಲ್ ಗ್ರಾನೈಟಿನಲ್ಲಿ ಸೀಳುಗಳು ದೂರ ದೂರ. ಅದಕ್ಕೇ ಅಲ್ಲಿ ದೊಡ್ಡ ಬ್ಲಾಕ್ ಸಿಗುತ್ತದೆ, ವ್ಯಾಪಾರ ನಡೆಯುತ್ತದೆ. ಇದೇ ಬಂಡೆ ತಲೆ ಮೇಲಿದ್ದರೆ? ಬೀಳುವ ತುಂಡುಗಳ ಸಂಖ್ಯೆ ಕಮ್ಮಿ, ಆದರೆ ಬಿದ್ದರೆ ದೊಡ್ಡದೇ ಬೀಳುತ್ತದೆ. ವಿಜಯಪುರದ ಕಪ್ಪು ಕಲ್ಲಿನ ಕಥೆ ಬೇರೆ. ಲಾವಾ ಹರಿದು ತಣ್ಣಗಾದ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನಂಥ ಪಟ್ಟಿ ಕಾಣುತ್ತದೆ. ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಮೇಲೆ ಎಷ್ಟೇ ಗಟ್ಟಿ ಕಲ್ಲಿದ್ದರೂ ಆ ಪಟ್ಟಿ ನೀರು ಕುಡಿದರೆ ಮೆತ್ತಗಾಗುತ್ತದೆ. ಅಂಥ ಪಟ್ಟಿ ಚಾವಣಿಯಿಂದ ಅರ್ಧ ಮೀಟರ್ ಮೇಲಿದ್ದರೆ, ಅದನ್ನು ದಾಟಿ ಗಟ್ಟಿ ಕಲ್ಲಿನಲ್ಲಿ ಕೂರುವಷ್ಟು ಉದ್ದದ ಬೋಲ್ಟ್ ಬೇಕು. ಗಿಡ್ಡ ಬೋಲ್ಟ್ ಹಾಕಿದರೆ ಬೀಳುವ ತುಂಡನ್ನೇ ಬೀಳುವ ತುಂಡಿಗೆ ಕಟ್ಟಿದ ಹಾಗಾಯಿತು.

ಗಣಿಯೊಳಗೆ ನಿಂತಾಗ ನೋಡಬೇಕಾದದ್ದು ಇಷ್ಟು. ಸೀಳುಗಳು ಎಷ್ಟು ದಿಕ್ಕಿನಲ್ಲಿವೆ? ಮೂರು ದಿಕ್ಕಿನವು ಸೇರಿದರೆ ಬಿಡಿ ತುಂಡು ಹುಟ್ಟುತ್ತದೆ. ಸೀಳಿನೊಳಗೆ ಏನಿದೆ: ಬರೀ ಕಲ್ಲೋ, ಜೇಡಿಯೋ, ಉಜ್ಜಿದರೆ ನುಣ್ಣಗೆ ಜಾರುವ ಪುಡಿಯೋ? ನೀರು ಬರುತ್ತಿದೆಯಾ? ನಿನ್ನೆ ಒಣಗಿದ್ದ ಸೀಳಿನಿಂದ ಇವತ್ತು ನೀರು ತೊಟ್ಟಿಕ್ಕುತ್ತಿದ್ದರೆ ಮೇಲೆ ಏನೋ ಬಿಚ್ಚಿಕೊಂಡಿದೆ ಎಂದೇ ಎಣಿಸಬೇಕು.

ಎಂಜಿನಿಯರುಗಳು ಇದನ್ನೇ ಅಂಕಿಗೆ ಇಳಿಸುತ್ತಾರೆ. ಕೊರೆದು ತೆಗೆದ ಕಲ್ಲಿನ ಕೋರ್‌ನಲ್ಲಿ 10 ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನು ಕೂಡಿಸಿ ಒಟ್ಟು ಉದ್ದಕ್ಕೆ ಶೇಕಡಾ ಎಷ್ಟು ಎಂದು ನೋಡಿದರೆ ಅದು ಆರ್‌ಕ್ಯೂಡಿ. ಬಿಯೆನಿಯಾವ್‌ಸ್ಕಿ 1973ರಲ್ಲಿ ಕೊಟ್ಟ ಆರ್‌ಎಂಆರ್, ನಾರ್ವೆಯ ಬಾರ್ಟನ್ ಮತ್ತು ಜೊತೆಗಾರರು 1974ರಲ್ಲಿ ಕೊಟ್ಟ ಕ್ಯೂ ಪದ್ಧತಿ, ಎರಡೂ ಅದಕ್ಕೆ ನೀರು, ಸೀಳಿನ ಸ್ಥಿತಿಯಂಥವನ್ನು ಸೇರಿಸಿ ಬಂಡೆಗೆ ಮಾರ್ಕ್ ಕೊಡುತ್ತವೆ. ಆರ್‌ಎಂಆರ್ 100ಕ್ಕೆ ಲೆಕ್ಕ. 60 ದಾಟಿದರೆ ಒಳ್ಳೆ ಬಂಡೆ, ಬೇಕಾದ ಕಡೆ ಮಾತ್ರ ಬೋಲ್ಟ್ ಸಾಕಾಗಬಹುದು. 41ರಿಂದ 60ರ ಒಳಗಿದ್ದರೆ ಸಾಲು ಸಾಲಾಗಿ ಬೋಲ್ಟ್, ಜೊತೆಗೆ ಜಾಳಿಗೆ ಮತ್ತು ಶಾಟ್‌ಕ್ರೀಟ್ (ಬಂಡೆಗೆ ರಭಸದಿಂದ ಸಿಂಪಡಿಸುವ ಕಾಂಕ್ರೀಟ್). 40ಕ್ಕಿಂತ ಕೆಳಗೆ ಇಳಿದರೆ ಬೋಲ್ಟ್ ಇನ್ನೂ ಒತ್ತೊತ್ತಾಗಿ ಬರುತ್ತದೆ, ಶಾಟ್‌ಕ್ರೀಟ್ ದಪ್ಪವಾಗುತ್ತದೆ, ಕಬ್ಬಿಣದ ರಿಬ್ (ಕಮಾನಿನಂಥ ಚೌಕಟ್ಟು) ಕೂಡ ಬೇಕಾಗಬಹುದು. ನಿಮ್ಮ ಲೆವೆಲ್‌ನ ಮಾರ್ಕ್ ಎಷ್ಟು ಎಂದು ಮೊದಲ ವಾರದಲ್ಲೇ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಡ್ರೆಸಿಂಗ್: ಆತುರ ಪಡಬಾರದ ಕೆಲಸ

ಬ್ಲಾಸ್ಟ್ ಆದ ಮೇಲೆ ಹೊಗೆ ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ಆಮೇಲೆ ಬೋಲ್ಟ್ ಹಾಕುವ ಮುಂಚೆ ಸಡಿಲ ಕಲ್ಲು ಕೆಡವಬೇಕು, ಇದಕ್ಕೇ ಡ್ರೆಸಿಂಗ್ ಎನ್ನುವುದು. ನನ್ನ ಲೆಕ್ಕದಲ್ಲಿ ಇಡೀ ಸಪೋರ್ಟ್ ಕೆಲಸದಲ್ಲಿ ಹೆಚ್ಚು ಜಾಣತನ ಬೇಡುವುದು ಇದೇ. ಬೋಲ್ಟ್ ಹಾಕುವಾಗ ಮೆಷಿನ್ ನಿಮ್ಮ ಜೊತೆಗಿರುತ್ತದೆ. ಇಲ್ಲಿ ಇರುವುದು ಕಣ್ಣು, ಕಿವಿ ಮತ್ತು ಒಂದು ಉದ್ದನೆಯ ಹಾರೆ.

ಮೊದಲು ನೀರು. ಧೂಳು ಮೆತ್ತಿದ ಬಂಡೆಯಲ್ಲಿ ಬಿರುಕು ಕಾಣುವುದಿಲ್ಲ. "ತಮ್ಮಾ, ಮೊದಲ ನೀರ ಹೊಡಿ, ಆಮ್ಯಾಲ ನೋಡೂಣು" ಎಂದು ನಮ್ಮ ಕಡೆಯ ಹಳೇ ಮೇಟ್‌ಗಳು (ತಂಡದ ಮುಖ್ಯಸ್ಥರು) ಹೇಳುವುದು ಅದಕ್ಕೇ. ನೀವು ನಿಂತ ಜಾಗದ ಚಾವಣಿಗೆ ಮೊದಲು, ಆಮೇಲೆ ಮುಂದಕ್ಕೆ. ಇದನ್ನು ಉಲ್ಟಾ ಮಾಡುವವರನ್ನು ನೋಡಿದ್ದೇನೆ. ಹತ್ತು ಅಡಿ ಮುಂದಿನ ಬಂಡೆ ನೋಡುತ್ತಾ ತಮ್ಮ ತಲೆ ಮೇಲಿನದನ್ನು ಮರೆತಿರುತ್ತಾರೆ.

ನಂತರ ಹಾರೆಯ ತುದಿಯಿಂದ ಬಂಡೆಗೆ ತಟ್ಟಿ. ಗಟ್ಟಿ ಬಂಡೆ ಠಣ್ ಎನ್ನುತ್ತದೆ, ಹಾರೆ ಪುಟಿಯುತ್ತದೆ. ಬಿಚ್ಚಿಕೊಂಡ ಬಂಡೆ ಡಬ್ ಎಂದು ಪೊಳ್ಳು ಸದ್ದು ಮಾಡುತ್ತದೆ. ಒಂದು ಕೈಯನ್ನು ಹತ್ತಿರದ ಬಂಡೆಗೆ ಒತ್ತಿಟ್ಟುಕೊಂಡು ತಟ್ಟಿದರೆ ಅದುರುವುದು ಕೈಗೂ ಗೊತ್ತಾಗುತ್ತದೆ. ಆದರೆ ಒಂದು ಎಚ್ಚರ. ತುಂಬಾ ದಪ್ಪನೆಯ ತುಂಡು ಬಿಚ್ಚಿಕೊಂಡಿದ್ದರೂ ಠಣ್ ಎನ್ನಬಹುದು. ಸದ್ದು ಚೆನ್ನಾಗಿದೆ ಎಂದ ಮಾತ್ರಕ್ಕೆ ಸುತ್ತ ಸೀಳು ಕಾಣುವ ದೊಡ್ಡ ಬ್ಲಾಕ್‌ ಅನ್ನು ನಂಬಬೇಡಿ.

ಕೆಡವುವಾಗ ಸದಾ ಬೋಲ್ಟ್ ಹಾಕಿದ ಜಾಗದ ಕೆಳಗೆ ನಿಂತು, ಗಟ್ಟಿ ಕಡೆಯಿಂದ ಸಡಿಲ ಕಡೆಗೆ ಹೋಗಬೇಕು. ಹಾರೆ ಓರೆಯಾಗಿರಲಿ, ಬಿದ್ದ ಕಲ್ಲು ಅದರ ಮೇಲೇ ಜಾರಿ ಕೈಗೆ ಬರದಷ್ಟು. ಹಾರೆಯ ಹಿಂಬದಿಯ ತುದಿ ಹೊಟ್ಟೆಯ ಎದುರಿಗೆ ಇರಬಾರದು, ಪಕ್ಕೆಯ ಆಚೆಗಿರಬೇಕು. ಕಲ್ಲು ಹಾರೆಯ ಮೇಲೆ ಬಿದ್ದರೆ ಆ ತುದಿ ಎಲ್ಲಿಗೆ ನುಗ್ಗುತ್ತದೆ ಎಂದು ಯೋಚಿಸಿದರೆ ಸಾಕು. ಕಾಲ ಹಿಂದೆ ಓಡುವ ದಾರಿ ಖಾಲಿ ಇರಲಿ. ಹೋಸ್, ಕೇಬಲ್, ಕಲ್ಲು ಏನೂ ಅಡ್ಡ ಬೇಡ. ಇಬ್ಬರೇ ಇರಬೇಕು: ಒಬ್ಬ ಕೆಡವುತ್ತಾನೆ, ಇನ್ನೊಬ್ಬ ಬೆಳಕು ಹಿಡಿದು ಬರೀ ನೋಡುತ್ತಾನೆ. ಆ ನೋಡುವವನಿಗೆ ಬೇರೆ ಕೆಲಸ ಕೊಡಬಾರದು.

ಎಷ್ಟು ಎಳೆದರೂ ಬೀಳದ, ಆದರೆ ಪೊಳ್ಳು ಸದ್ದು ಮಾಡುವ ತುಂಡು ಸಿಕ್ಕರೆ ಅದರ ಕೆಳಗೆ ಹೋಗಿ ಬೋಲ್ಟ್ ಹಾಕುವ ಸಾಹಸ ಬೇಡ. ಜಾಗ ಬಂದ್ ಮಾಡಿ ಮೇಲಿನವರಿಗೆ ಹೇಳಿ.

ಯಾವ ಬೋಲ್ಟ್, ಎಷ್ಟು ಉದ್ದ

ಹಳೆಯದು ಎಕ್ಸ್‌ಪಾನ್ಶನ್ ಶೆಲ್ ಬೋಲ್ಟ್. ತುದಿಯ ಕವಚ ತೂತಿನೊಳಗೆ ಅಗಲವಾಗಿ ಕಚ್ಚುತ್ತದೆ, ನಟ್ಟು ತಿರುಗಿಸಿದರೆ ಬಿಗಿಯುತ್ತದೆ. ಗಟ್ಟಿ ಬಂಡೆಗೆ ಸರಿ. ಹತ್ತಿರದಲ್ಲಿ ಬ್ಲಾಸ್ಟ್ ಆದರೆ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ಮೆತ್ತನೆ ಬಂಡೆಯಲ್ಲಿ ಕವಚವೇ ಜಾರುತ್ತದೆ.

ಸ್ಪ್ಲಿಟ್ ಸೆಟ್ ಅಂದರೆ ಉದ್ದಕ್ಕೆ ಸೀಳಿದ ಕಬ್ಬಿಣದ ಕೊಳವೆ. 1970ರ ದಶಕದಲ್ಲಿ ಬಂತು. ಕೊಳವೆಗಿಂತ ತುಸು ಸಣ್ಣ ತೂತು ಕೊರೆದು ಒಳಗೆ ಹೊಡೆದು ಕೂರಿಸುತ್ತಾರೆ. ಕೊಳವೆ ಅಮುಕಿಕೊಂಡು ಗೋಡೆಗೆ ಒತ್ತುತ್ತದೆ. ಹಾಕಿದ ಕೂಡಲೇ ಹಿಡಿತ ಸಿಗುತ್ತದೆ, ಸಿಮೆಂಟ್, ರೆಸಿನ್ (ಬೆರೆಸಿದರೆ ಗಟ್ಟಿಯಾಗುವ ಅಂಟು) ಯಾವುದೂ ಬೇಡ. ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಇದು ಪೂರ್ತಿ ತೂತಿನ ಅಳತೆಯ ಮೇಲೆ ನಿಂತಿದೆ. 39 ಮಿ.ಮೀ. ಕೊಳವೆಗೆ ತೂತು 35ರಿಂದ 38 ಮಿ.ಮೀ. ಇರಬೇಕು. ಸುಲಭವಾಗಿ ಒಳಗೆ ಹೋದರೆ ಕೆಲಸ ಬೇಗ ಮುಗಿಯಿತು ಎಂದು ಖುಷಿ ಪಡುವವರಿದ್ದಾರೆ. ಸುಲಭವಾಗಿ ಹೋದದ್ದು ಸುಲಭವಾಗಿ ಹೊರಗೂ ಬರುತ್ತದೆ ಅಲ್ವಾ? ಕೊಳವೆ ತೆಳ್ಳಗಿರುವುದರಿಂದ ಗಂಧಕ ಇರುವ ಅದಿರಿನ ಹುಳಿ ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಬಹುಕಾಲ ಬಳಸುವ ದಾರಿಗೆ ಇದೊಂದನ್ನೇ ನೆಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಸ್ವೆಲೆಕ್ಸ್ ಮಡಚಿದ ಕೊಳವೆ. ಸುಮಾರು 300 ಬಾರ್ ಒತ್ತಡದ ನೀರು ಬಿಟ್ಟು ಉಬ್ಬಿಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ, ಪಂಪ್ ಬೇಕು, ಬೆಲೆ ಜಾಸ್ತಿ. ದೊಡ್ಡ ಸ್ಟೋಪ್‌ಗಳಿಗೆ, ಅಂದರೆ ಅದಿರು ತೆಗೆಯುವ ಜಾಗಗಳಿಗೆ, ಕೇಬಲ್ ಬೋಲ್ಟ್: ಏಳು ತಂತಿ ಹೆಣೆದ 15.2 ಮಿ.ಮೀ. ಸ್ಟ್ರಾಂಡ್, ಒಂದೊಂದು ಹತ್ತಿರ ಹತ್ತಿರ 25 ಟನ್ ತಡೆಯುತ್ತದೆ, ಬೇಕಾದಷ್ಟು ಉದ್ದ ಹಾಕಬಹುದು. ಇವೆಲ್ಲದರ ನಡುವೆ ಬಹುಕಾಲದ ದಾರಿಗಳಿಗೆ ನಂಬಿಗಸ್ತ ಅಂದರೆ ರೆಸಿನ್ ಅಥವಾ ಸಿಮೆಂಟ್ ತುಂಬಿದ ಗೆರೆ ಕಂಬಿ. ಮನೆ ಕಟ್ಟುವಾಗ ಬಳಸುವಂಥದ್ದೇ ಉಬ್ಬುಗೆರೆಯ ಕಂಬಿ, ತುದಿಗೆ ಥ್ರೆಡ್.

ಉದ್ದ ಮತ್ತು ಅಂತರಕ್ಕೆ ಲ್ಯಾಂಗ್ ಅವರ ಹಳೆಯ ಸೂತ್ರ ಈಗಲೂ ಮೊದಲ ಅಂದಾಜಿಗೆ ಚೆನ್ನ. ಬೋಲ್ಟಿನ ಉದ್ದ ಮೂರರಲ್ಲಿ ಯಾವುದು ದೊಡ್ಡದೋ ಅಷ್ಟಾದರೂ ಇರಬೇಕು: ಬೋಲ್ಟುಗಳ ನಡುವಿನ ಅಂತರದ ಎರಡು ಪಟ್ಟು, ಸೀಳುಗಳ ನಡುವಿನ ತುಂಡಿನ ಅಗಲದ ಮೂರು ಪಟ್ಟು, 6 ಮೀಟರಿಗಿಂತ ಕಿರಿದಾದ ದಾರಿಯಾದರೆ ದಾರಿಯ ಅಗಲದ ಅರ್ಧ. ಒಂದು ಲೆಕ್ಕ ಮಾಡೋಣ. ದಾರಿ 4 ಮೀಟರ್ ಅಗಲ, ಅಂತರ 1.2 ಮೀಟರ್, ತುಂಡುಗಳ ಅಗಲ 60 ಸೆಂ.ಮೀ. ಮೂರು ಉತ್ತರ: 2.4, 1.8, 2 ಮೀಟರ್. ಅಂದರೆ 2.4 ಮೀಟರ್ ಬೋಲ್ಟ್.

ಭಾರ ತಡೆಯುತ್ತದೆಯೇ ಎಂದೂ ನೋಡಬೇಕು. ಚಾವಣಿಯಲ್ಲಿ ಒಂದು ಮೀಟರ್ ದಪ್ಪ ಬಂಡೆ ಬಿಚ್ಚಿಕೊಂಡಿದೆ ಎನ್ನಿ. ಒಂದು ಬೋಲ್ಟಿನ ಪಾಲಿಗೆ 1.2 ಗುಣಿಸು 1.2 ಗುಣಿಸು 1, ಅಂದರೆ 1.44 ಘನ ಮೀಟರ್. ಘನ ಮೀಟರಿಗೆ 2.7 ಟನ್ ಹಿಡಿದರೆ ಸುಮಾರು 3.9 ಟನ್. 20 ಮಿ.ಮೀ.ನ ಎಫ್‌ಇ 500 ದರ್ಜೆಯ ಕಂಬಿ ಹಿಗ್ಗಲು ಶುರುವಾಗುವುದು 16 ಟನ್ ಆಸುಪಾಸಿನಲ್ಲಿ. ನಾಲ್ಕು ಪಟ್ಟು ಇದೆ, ಒಳ್ಳೆಯದು. ಈಗ ಯಾರೋ ಉಳಿತಾಯಕ್ಕೆಂದು ಅಂತರವನ್ನು 1.5 ಮೀಟರಿಗೆ ಹಿಗ್ಗಿಸಿದರು, ಬಂಡೆಯೂ ಒಂದೂವರೆ ಮೀಟರ್ ಬಿಚ್ಚಿಕೊಂಡಿತು ಎನ್ನಿ. ಅದೇ ಲೆಕ್ಕ 9 ಟನ್ ದಾಟುತ್ತದೆ. ಎರಡು ಪಟ್ಟೂ ಉಳಿಯಲಿಲ್ಲ. ಬರೀ 30 ಸೆಂ.ಮೀ. ಜಾಸ್ತಿ ಎಂದು ಅನಿಸಿದ್ದು ಎಷ್ಟು ದುಬಾರಿ ನೋಡಿ. ಜೊತೆಗೆ ಥ್ರೆಡ್ ಕೊರೆದ ಕಡೆ ಕಂಬಿ ತೆಳ್ಳಗಾಗಿರುತ್ತದೆ. ತುಂಡಾದರೆ ಸಾಮಾನ್ಯವಾಗಿ ಅಲ್ಲೇ.

ತೂತು ಕೊರೆಯುವಾಗ

ಮೊಟ್ಟಮೊದಲ ಮಾತು: ಹಿಂದಿನ ಬ್ಲಾಸ್ಟಿನ ಹಳೇ ತೂತಿನ ಬುಡ, ಅಂದರೆ ಸಾಕೆಟ್ ಉಳಿದಿದ್ದರೆ ಅದರಲ್ಲಿ ಎಂದೂ ಕೊರೆಯಬಾರದು. ತಯಾರಾಗಿ ಸಿಕ್ಕ ತೂತು ಎಂದು ಅನಿಸುತ್ತದೆ. ಸಿಡಿಯದೆ ಉಳಿದ ಮದ್ದು ಅದರೊಳಗೆ ಇರಬಹುದು.

ಒಣ ಕೊರೆತ ಬೇಡ, ನೀರು ಬಿಟ್ಟೇ ಕೊರೆಯಿರಿ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದು ವಾಪಸ್ ಬರುವ ದಾರಿಯಿಲ್ಲದ ಕಾಯಿಲೆ. ಕಲ್ಲು ಕೆಲಸದ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೂತಿನ ದಿಕ್ಕು ಸೀಳುಗಳನ್ನು ಅಡ್ಡ ಹಾಯುವಂತಿರಬೇಕು. ಸೀಳಿಗೆ ಸಮಾನಾಂತರವಾಗಿ ಅದರ ಪಕ್ಕದಲ್ಲೇ ಓಡಿದ ಬೋಲ್ಟ್ ಏನನ್ನೂ ಹೊಲಿಯುವುದಿಲ್ಲ. ಸೀಳು ಗೊತ್ತಾಗದಿದ್ದರೆ ಬಂಡೆಯ ಮುಖಕ್ಕೆ ನೇರವಾಗಿ ಕೊರೆಯಿರಿ, ನಟ್ಟಿನ ಅಡಿಯ ಪ್ಲೇಟ್ ಸಪಾಟಾಗಿ ಕೂರುತ್ತದೆ. ಕೊರೆಯುತ್ತಿರುವಾಗ ಮೆಷಿನ್ ಏನು ಹೇಳುತ್ತಿದೆ ಕೇಳಿ. ಒಮ್ಮೆಲೇ ರಾಡ್ ಮುಂದಕ್ಕೆ ನುಗ್ಗಿದರೆ ಅಲ್ಲಿ ಸೀಳಿದೆ ಅಥವಾ ಮೆತ್ತನೆ ಪದರವಿದೆ. ಹೊರಬರುವ ನೀರಿನ ಬಣ್ಣ ಬದಲಾದರೆ ಕಲ್ಲು ಬದಲಾಗಿದೆ. ನೀರು ವಾಪಸ್ಸೇ ಬರದಿದ್ದರೆ ಒಳಗೆ ಎಲ್ಲೋ ಸೀಳಿಗೆ ಹೋಗುತ್ತಿದೆ. ಎಷ್ಟು ಅಡಿಗೆ ಹೀಗಾಯಿತು ಎಂದು ಮೇಟ್‌ಗೆ ಹೇಳಿ. ಬೋಲ್ಟಿನ ಪ್ರತಿ ತೂತೂ ಬಂಡೆಯ ಬಗ್ಗೆ ಸಿಗುವ ಬಿಟ್ಟಿ ವರದಿ.

ರೆಸಿನ್ ಬೋಲ್ಟ್, ಹತ್ತಿರದಿಂದ

ರೆಸಿನ್ ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಒಳಗೆ ಎರಡು ಕೋಣೆ, ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ಮದ್ದು. ಕಂಬಿ ತಿರುಗುತ್ತಾ ಒಳಗೆ ಹೋದಾಗ ಎರಡೂ ಹರಿದು ಬೆರೆಯಬೇಕು.

ಕ್ಯಾಪ್ಸೂಲ್ ಎಷ್ಟು ಬೇಕು ಎಂಬ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿ. ತೂತು 28 ಮಿ.ಮೀ., ಕಂಬಿ 20 ಮಿ.ಮೀ., ಉದ್ದ 1.8 ಮೀಟರ್. ಕಂಬಿಯ ಸುತ್ತ ಉಳಿಯುವ ಖಾಲಿ ಜಾಗ ಸುಮಾರು 543 ಘನ ಸೆಂ.ಮೀ. 24 ಮಿ.ಮೀ. ದಪ್ಪ, 30 ಸೆಂ.ಮೀ. ಉದ್ದದ ಒಂದು ಕ್ಯಾಪ್ಸೂಲಿನಲ್ಲಿ 136 ಘನ ಸೆಂ.ಮೀ. ಅಂದರೆ ನಾಲ್ಕು ಕ್ಯಾಪ್ಸೂಲಿಗೆ ಸರಿಯಾಗಿ ತುಂಬುತ್ತದೆ. ಈಗ ಸ್ಟೋರಿನಲ್ಲಿ ಸಣ್ಣ ಬಿಟ್ ಇಲ್ಲವೆಂದು 32 ಮಿ.ಮೀ. ಬಿಟ್‌ನಲ್ಲಿ ಕೊರೆದರು. ಕ್ಯಾಪ್ಸೂಲ್ ಅದೇ ನಾಲ್ಕು. ಖಾಲಿ ಜಾಗ 880 ದಾಟುತ್ತದೆ. ರೆಸಿನ್ ಬರೀ 1.1 ಮೀಟರ್ ತುಂಬಿ, ಕೆಳಗಿನ 70 ಸೆಂ.ಮೀ. ಖಾಲಿ ಉಳಿಯುತ್ತದೆ. ಚಾವಣಿಯ ಹತ್ತಿರದ, ಹೆಚ್ಚು ಬಿಚ್ಚಿಕೊಳ್ಳುವ ಭಾಗವೇ ಅದು. ಸಾಲದ್ದಕ್ಕೆ ದೊಡ್ಡ ತೂತಿನಲ್ಲಿ ಕ್ಯಾಪ್ಸೂಲಿನ ಪ್ಲಾಸ್ಟಿಕ್ ಚೂರಾಗದೆ ಕಂಬಿಗೆ ಸುತ್ತಿಕೊಳ್ಳುತ್ತದೆ, ರೆಸಿನ್ ಸರಿಯಾಗಿ ಬೆರೆಯುವುದಿಲ್ಲ. ಕೆಳಗೆ ನಿಂತು ನೋಡಿದರೆ ಪ್ಲೇಟ್, ನಟ್ಟು ಎಲ್ಲ ಒಂದೇ ರೀತಿ ಕಾಣುತ್ತವೆ.

ಹಾಕುವ ಕ್ರಮ ಹೀಗೆ. ತೂತು ತೊಳೆದು, ಕಂಬಿ ಹಾಕಿ ಆಳ ನೋಡಿ. ಬೇಗ ಗಟ್ಟಿಯಾಗುವ ಕ್ಯಾಪ್ಸೂಲ್ ಮೊದಲು, ಅದು ತುದಿಯಲ್ಲಿ ಕೂರಬೇಕು. ನಿಧಾನದ್ದು ಅದರ ಹಿಂದೆ. ಕಂಬಿಯನ್ನು ತಿರುಗಿಸುತ್ತಲೇ ತಳ್ಳಿ, ಸುಮ್ನೆ ತಳ್ಳಿ ಆಮೇಲೆ ತಿರುಗಿಸುವುದಲ್ಲ. ತುದಿ ಮುಟ್ಟಿದ ಮೇಲೆ ಎಷ್ಟು ಸೆಕೆಂಡ್ ತಿರುಗಿಸಬೇಕು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಅಷ್ಟೇ ತಿರುಗಿಸಿ. ಕಮ್ಮಿಯಾದರೆ ಬೆರೆಯುವುದಿಲ್ಲ. ಇನ್ನೊಂದಿಷ್ಟು ಇರಲಿ ಎಂದು ಜಾಸ್ತಿ ತಿರುಗಿಸಿದರೆ ಆಗಷ್ಟೇ ಗಟ್ಟಿಯಾಗುತ್ತಿದ್ದ ರೆಸಿನ್ ಒಡೆದು ಪುಡಿಯಾಗುತ್ತದೆ. ಇದು ಇನ್ನೂ ಕೆಟ್ಟದು. ನಿಲ್ಲಿಸಿದ ಮೇಲೆ ಅಲುಗಾಡಿಸದೆ ಹಿಡಿದಿರಿ. ಹೇಳಿದಷ್ಟು ಹೊತ್ತು ಕಾದ ಮೇಲೇ ನಟ್ಟು ಬಿಗಿಯಿರಿ.

ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ, ರಾಯಚೂರು ಸೀಮೆಯ ಸೆಕೆ ನಿಮಗೆ ಗೊತ್ತೇ ಇದೆ. ತಗಡಿನ ಶೆಡ್ಡಿನಲ್ಲಿಟ್ಟ ರೆಸಿನ್ ಬೇಗ ಹಾಳಾಗುತ್ತದೆ, ಬಿಸಿಯಾಗಿದ್ದಾಗ ಹೇಳಿದ ಸಮಯಕ್ಕಿಂತ ಮುಂಚೆಯೇ ಗಟ್ಟಿಯಾಗುತ್ತದೆ. ತಂಪಾದ ಕೋಣೆಯಲ್ಲಿಡಿ, ಹಳೆಯದನ್ನು ಮೊದಲು ಬಳಸಿ, ತಾರೀಖು ನೋಡದೆ ಪೆಟ್ಟಿಗೆ ಒಡೆಯಬೇಡಿ. ಕ್ಯಾಪ್ಸೂಲ್ ಹಿಸುಕಿದರೆ ಮೆತ್ತಗೆ ಬಾಗಬೇಕು. ಗಟ್ಟಿ ಗಂಟು ಸಿಕ್ಕರೆ ಬಿಸಾಕಿ.

ಸಿಮೆಂಟ್ ಗ್ರೌಟ್ (ನೀರಿನಲ್ಲಿ ಕಲಸಿದ ಸಿಮೆಂಟ್) ಅಗ್ಗ, ಮತ್ತು ಚೆನ್ನಾಗಿ ಮಾಡಿದರೆ ಬಾಳಿಕೆಯೂ ಹೆಚ್ಚು. ಕೆಡುವುದು ನೀರಿನಲ್ಲಿ. 50 ಕೆ.ಜಿ. ಚೀಲಕ್ಕೆ 17.5ರಿಂದ 20 ಲೀಟರ್ ನೀರು, ಅಷ್ಟೇ. ಪಂಪ್ ಸಲೀಸಾಗಿ ಓಡಲಿ ಎಂದು ಇನ್ನೊಂದು ಬಕೆಟ್ ಸುರಿದರೆ ಗ್ರೌಟ್ ಸೊರಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಬಾರದು. ಹೋಸನ್ನು ತೂತಿನ ತುದಿಯವರೆಗೆ ಹಾಕಿ, ಗ್ರೌಟ್ ತುಂಬುತ್ತಾ ಬಂದ ಹಾಗೆ ಹೋಸ್ ಹಿಂದೆ ಬರಬೇಕು. ಬಾಯಿಯಿಂದ ತುಂಬಿದರೆ ಒಳಗೆ ಗಾಳಿ ಉಳಿಯುತ್ತದೆ. ಒಂದು ಕೊರತೆ ಇದೆ: ಗಟ್ಟಿಯಾಗುವವರೆಗೆ ಹಿಡಿತವಿಲ್ಲ. ಅಲ್ಲಿಯವರೆಗೆ ತಲೆ ಮೇಲೆ ಬೇರೆ ವ್ಯವಸ್ಥೆ ಇರಲೇಬೇಕು.

ಪ್ಲೇಟ್, ಜಾಳಿಗೆ, ಪರೀಕ್ಷೆ

ಪ್ಲೇಟ್ ಬಂಡೆಗೆ ಕಚ್ಚಿ ಕೂತಿರಬೇಕು. ಕೈ ಹಾಕಿ ತಿರುಗಿಸಿದರೆ ತಿರುಗುವ ಪ್ಲೇಟ್ ಇದ್ದೂ ಇಲ್ಲದ ಹಾಗೆ. ಬೋಲ್ಟಿಗೆ ಇಷ್ಟು ರೂಪಾಯಿ ಎಂದು ಗುತ್ತಿಗೆ ಕೊಟ್ಟ ಕಡೆ ತೂಗಾಡುವ ಪ್ಲೇಟುಗಳು ಹೆಚ್ಚು ಕಾಣುತ್ತವೆ. ಎಣಿಕೆಗೆ ಅವೂ ಬೋಲ್ಟೇ. ಹೋಗುತ್ತಾ ಬರುತ್ತಾ ಕೈಗೆಟುಕಿದ ಪ್ಲೇಟ್ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಬೋಲ್ಟುಗಳ ನಡುವಿನ ಸಣ್ಣ ಕಲ್ಲಿಗೆ ಜಾಳಿಗೆ ಬೇಕು, ಸಣ್ಣ ಕಲ್ಲೂ ತಲೆ ಒಡೆಯುತ್ತದೆ. ಪ್ಲೇಟಿನ ಅಡಿಯಲ್ಲಿ ಜಾಳಿಗೆಯ ಅಂಚುಗಳು ಒಂದರ ಮೇಲೊಂದು ಬಂದಿರಬೇಕು.

ಪುಲ್ ಟೆಸ್ಟ್‌ನಲ್ಲಿ ಹೈಡ್ರಾಲಿಕ್ ಜಾಕ್ ಕಟ್ಟಿ ಬೋಲ್ಟನ್ನು ಹಂತ ಹಂತವಾಗಿ ಎಳೆದು, ಎಷ್ಟು ಭಾರಕ್ಕೆ ಎಷ್ಟು ಸರಿಯಿತು ಎಂದು ಬರೆದುಕೊಳ್ಳುತ್ತಾರೆ. ಎಳೆಯುವಾಗ ಅದರ ಕೆಳಗೆ ಯಾರೂ ನಿಲ್ಲಬಾರದು. ಒಂದು ವಿಷಯ ಮಾತ್ರ ಎಷ್ಟೋ ಜನ ಗಮನಿಸುವುದಿಲ್ಲ. ಉದ್ದಕ್ಕೂ ರೆಸಿನ್ ತುಂಬಬೇಕಿದ್ದ ಬೋಲ್ಟ್ ಪರೀಕ್ಷೆಯಲ್ಲಿ ಪಾಸಾದರೆ ಅದು ಉದ್ದಕ್ಕೂ ತುಂಬಿದೆ ಎಂದು ಅರ್ಥವಲ್ಲ. ಗಟ್ಟಿ ಬಂಡೆಯಲ್ಲಿ ಎರಡು ಅಡಿ ಒಳ್ಳೆ ರೆಸಿನ್ ಇದ್ದರೂ ಕಂಬಿ ಜಾರುವುದಿಲ್ಲ. ಮೇಲೆ ಹೇಳಿದ 70 ಸೆಂ.ಮೀ. ಖಾಲಿ ಬೋಲ್ಟ್ ಕೂಡ ಪಾಸಾಗಬಹುದು. ಹಾಗಾಗಿ ತೂತಿನ ಅಳತೆ, ಕ್ಯಾಪ್ಸೂಲ್ ಎಣಿಕೆ, ಬಾಯಿಯ ತನಕ ರೆಸಿನ್ ಇಳಿದು ಬಂತೇ ಎಂಬುದನ್ನು ಹಾಕುವಾಗಲೇ ನೋಡಬೇಕು.

ಹಾಕಿದ ಮೇಲೂ ನೋಡುತ್ತಿರಿ

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೆ ಸಿಕ್ಕಿಹಾಕಿಕೊಂಡದ್ದು ನೆನಪಿರಬಹುದು. ಕುಸಿದದ್ದು ಅವರು ಕೆಲಸ ಮಾಡುತ್ತಿದ್ದ ಒಳಗಿನ ಮುಖ, ಅಂದರೆ ಕೊರೆಯುವ ತುದಿ ಅಲ್ಲ. ಬಾಗಿಲಿನ ಕಡೆ, ಆಗಲೇ ಕೊರೆದು ದಾಟಿ ಹೋಗಿದ್ದ ಜಾಗ. ಎಲ್ಲರ ಕಣ್ಣು ಹೊಸ ಮುಖದ ಮೇಲಿರುತ್ತದೆ. ಬಂಡೆ ಹಿಂದೆಯೂ ಸರಿಯುತ್ತಿರುತ್ತದೆ.

ನೋಡಬೇಕಾದ ಗುರುತುಗಳು: ಉಬ್ಬಿದ ಪ್ಲೇಟ್ ಚಪ್ಪಟೆಯಾಗಿರುವುದು ಅಥವಾ ಅಂಚು ಬಾಗಿರುವುದು. ಜಾಳಿಗೆ ಹೊಟ್ಟೆ ಬಿಟ್ಟಿರುವುದು. ಶಾಟ್‌ಕ್ರೀಟಿನಲ್ಲಿ ಹೊಸ ಬಿರುಕು. ಅದರ ಎರಡು ಕಡೆ ಬಣ್ಣದ ಗೆರೆ ಎಳೆದು ತಾರೀಖು ಬರೆದಿಟ್ಟರೆ ಮುಂದಿನ ವಾರ ಹಿಗ್ಗಿದೆಯೇ ಗೊತ್ತಾಗುತ್ತದೆ. ಕೆಳಗೆ ಬಿದ್ದ ಬೋಲ್ಟ್ ತಲೆ ಸಿಕ್ಕರೆ ಒದ್ದು ಮುಂದೆ ಹೋಗಬೇಡಿ. ಎಲ್ಲಿಂದ ಬಿತ್ತು ಎಂದು ಹುಡುಕಿ.

ಆಳದ ಗಣಿಗಳಲ್ಲಿ ಇನ್ನೊಂದು ಅಪಾಯ ಇದೆ, ರಾಕ್ ಬರ್ಸ್ಟ್. ಒತ್ತಡಕ್ಕೆ ಬಂಡೆ ಸಿಡಿದು ಹಾರುವುದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು, ಅಲ್ಲಿ ಇದು ದೊಡ್ಡ ಪಿಡುಗು. ಬಂಡೆ ಶಾಸ್ತ್ರದ ರಾಷ್ಟ್ರೀಯ ಸಂಸ್ಥೆ ಎನ್‌ಐಆರ್‌ಎಂ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಯಿತು. ಇಂಥ ಬಂಡೆಗೆ ಬಿರುಸಾದ ಕಂಬಿ ಸಾಲದು, ಒಮ್ಮೆಲೇ ಎಳೆತ ಬಂದರೆ ಪಟ್ ಎಂದು ತುಂಡಾಗುತ್ತದೆ. ಭಾರ ಹಿಡಿದುಕೊಂಡೇ ಸ್ವಲ್ಪ ಜಾರುವ ಅಥವಾ ಹಿಗ್ಗುವ ಬೋಲ್ಟ್ ಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಮಾಡಿದ ಕೋನ್ ಬೋಲ್ಟ್ ಅಂಥದ್ದು.

ಶಿಫ್ಟ್ ಮುಗಿಸುವಾಗ ಎಲ್ಲಿಯವರೆಗೆ ಬೋಲ್ಟ್ ಬಂದಿದೆ ಎಂದು ಗೋಡೆಗೆ ಬಣ್ಣದ ಗೆರೆ ಹಾಕಿ, ಅಲ್ಲಿ ಅಡ್ಡ ಸರಪಳಿ ಕಟ್ಟಿ ಬೋರ್ಡ್ ತೂಗುಹಾಕಿ. ಯಾವ ತೂತಿನಲ್ಲಿ ರಾಡ್ ನುಗ್ಗಿತು, ಎಲ್ಲಿ ನೀರು ಬಂತು, ಯಾವ ತುಂಡು ಹಾರೆಗೆ ಬಗ್ಗಲಿಲ್ಲ ಎಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಪುಸ್ತಕ ಎಲ್ಲರೂ ಓದುವುದಿಲ್ಲ. ಹಾಗಾಗಿ ಮುಂದಿನ ಶಿಫ್ಟಿನ ಮೇಟ್ ಬರುವವರೆಗೆ ನಿಂತು ಬಾಯಲ್ಲೂ ಹೇಳಿ, ಆಮೇಲೆ ಮೇಲೆ ಬನ್ನಿ.